ಮಂಡಿ ಮೊಹಲ್ಲದ ಹೆರಿಗೆ ರಿಜಿಸ್ಟರು

ನಮ್ಮ ದೊಡ್ಡಮ್ಮ ಹುಟ್ಟಿದ್ದು ಜೂನ್ 1ರಂದಲ್ಲ. ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು. ಅವರ ವಾರಿಗೆಯವರಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಮಗನ ಜೊತೆ ಇರಲು ಅಮೆರಿಕಕ್ಕೆ ಹೊರಟಾಗ ಜನನ ಪ್ರಮಾಣಪತ್ರ ಬೇಕಾಯಿತು. ಹುಟ್ಟಿದ್ದು ಆಸ್ಪತ್ರೆಯಲ್ಲೇ ಎಂಬುದು ಗೊತ್ತಿತ್ತು. ಹಾಗಾಗಿ ಅವರನ್ನು ಕರೆದುಕೊಂಡು ಅವರು ಹುಟ್ಟಿದ ಊರಿನ ಆಸ್ಪತ್ರೆಗೆ ಹೋದೆ. ರೆಕಾರ್ಡ್ ರೂಮಿನ ಗುಮಾಸ್ತರು ಕನ್ನಡಕ ಹಣೆಗೇರಿಸಿ, ‘ಅಷ್ಟು ಹಳೇದಾ? ಹಳೇ ಕಟ್ಟಡ ಒಡೆದಾಗ ಎಲ್ಲಾ ರದ್ದಿಗೆ ಹೋಯ್ತಲ್ಲಮ್ಮಾ, ಅರ್ಧ ಗೆದ್ದಲು ತಿಂದಿತ್ತು’ ಅಂದರು. ಬೇಸರವೇನೂ ಇರಲಿಲ್ಲ ಅವರ ದನಿಯಲ್ಲಿ. ಯಾಕಿರಬೇಕು? ನಮ್ಮ ದೇಶದಲ್ಲಿ ಒಳರೋಗಿಗಳ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುವುದು ಮೂರು ವರ್ಷ ಮಾತ್ರ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಮೈಸೂರಿನ ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1906ರಲ್ಲಿ ಶುರುವಾದ ಅದನ್ನು ಮೈಸೂರಿನವರು ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುವುದು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ದಾಖಲೆ ಉಳಿದುಕೊಂಡಿದೆ. ಹೃದ್ರೋಗ, ಸಕ್ಕರೆ ಕಾಯಿಲೆಗಳ ಬಗ್ಗೆ ಜಗತ್ತು ಯೋಚಿಸುವ ರೀತಿಯನ್ನು ಒಂದಿಷ್ಟು ಅಲುಗಾಡಿಸಿದ ದಾಖಲೆ ಅದು. ಆದರೆ ಅದರ ಕಥೆ ಮೊದಲಾಗುವುದು ಇಂಗ್ಲೆಂಡಿನಲ್ಲಿ.

ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿ 1986ರಲ್ಲಿ ಒಂದು ವಿಚಿತ್ರ ಗಮನಿಸಿದರು. ಈಗ ಹೃದಯಾಘಾತದಿಂದ ಹೆಚ್ಚು ಜನ ಸಾಯುತ್ತಿರುವ ಜಾಗಗಳೂ, ಹಲವು ದಶಕಗಳ ಹಿಂದೆ ಹಸುಗೂಸುಗಳು ಹೆಚ್ಚು ಸತ್ತಿದ್ದ ಜಾಗಗಳೂ ಹೆಚ್ಚುಕಮ್ಮಿ ಒಂದೇ ಆಗಿದ್ದವು. ಹೃದ್ರೋಗವೆಂದರೆ ಬೆಣ್ಣೆ, ಸಿಗರೇಟು, ಉಳ್ಳವರ ಸುಖ ಎಂದು ನಂಬಿದ್ದ ಕಾಲ. ಬಡವರ ಊರುಗಳಲ್ಲೇ ಅದು ಯಾಕೆ ಹೆಚ್ಚು? ಬೇರು ಬಸಿರಿನಲ್ಲೇ ಇದೆಯೇ? ಜಿಲ್ಲೆಗಳ ನಕ್ಷೆ ನೋಡಿ ಇದನ್ನು ಹೇಳಲಾಗದು. ಒಬ್ಬೊಬ್ಬ ಮನುಷ್ಯನ ಹುಟ್ಟುತೂಕ ಬೇಕು, ಅದೇ ಮನುಷ್ಯ ಹೇಗೆ ಸತ್ತ ಎಂಬುದೂ ಬೇಕು. ಈಗ ತೂಗಲು ಶುರುಮಾಡಿದರೆ ಉತ್ತರಕ್ಕೆ ಅರವತ್ತು ವರ್ಷ ಕಾಯಬೇಕು.

ಅರವತ್ತು ವರ್ಷ ಹಿಂದೆಯೇ ಯಾರೋ ತೂಗಿಟ್ಟಿದ್ದರೆ? ಹಾಗೆ ತೂಗಿಸಿದ್ದಾಕೆ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್. ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯ ದಾದಿಯರ ಮೇಲ್ವಿಚಾರಕಿ. ಯುದ್ಧಕ್ಕೆ ಸೇರಲು ಬಂದ ಹುಡುಗರು ನರಪೇತಲರಾಗಿದ್ದುದು ಕಂಡು ಬ್ರಿಟನ್ ಗಾಬರಿಬಿದ್ದಿದ್ದ ಕಾಲ ಅದು. 1911ರಿಂದ ಆಕೆ ಕೌಂಟಿಯಲ್ಲಿ ಹುಟ್ಟುವ ಕೂಸುಗಳನ್ನು ಹುಟ್ಟಿದಾಗೊಮ್ಮೆ, ವರ್ಷ ತುಂಬಿದಾಗೊಮ್ಮೆ ತೂಗಿಸಿ, ಎದೆಹಾಲೋ ಬಾಟಲಿಯೋ ಎಂಬುದನ್ನೂ ಲೆಡ್ಜರುಗಳಲ್ಲಿ ಬರೆಸಿದಳು. ಬಾರ್ಕರ್ ತಂಡ ಆ ಲೆಡ್ಜರು ಹಿಡಿದು 5,654 ಗಂಡಸರ ಗತಿ ಹುಡುಕಿತು. ಹೆಂಗಸರನ್ನು ಕೈಬಿಡಬೇಕಾಯಿತು, ಮದುವೆಯಾದ ಮೇಲೆ ಅವರ ಅಡ್ಡಹೆಸರು ಬದಲಾಗಿಬಿಡುತ್ತದಲ್ಲ! 1989ರಲ್ಲಿ ಬಂದ ಉತ್ತರ ಹೀಗಿತ್ತು: ಹೃದ್ರೋಗದ ಸಾವಿನ ರಾಷ್ಟ್ರೀಯ ಸರಾಸರಿಯನ್ನು 100 ಎಂದಿಟ್ಟುಕೊಂಡರೆ, ವರ್ಷ ತುಂಬಿದಾಗ 18 ಪೌಂಡಿಗಿಂತ ಹೆಚ್ಚಿಲ್ಲದವರಲ್ಲಿ 111, 27 ಪೌಂಡು ಮುಟ್ಟಿದ್ದವರಲ್ಲಿ ಬರೀ 42.

ಅಲ್ಲಿ ಹುಡುಕುವುದು ಒಂದು ರೀತಿಯಲ್ಲಿ ಸುಲಭ. ಯಾರು ಬದುಕಿದ್ದಾರೆ, ಯಾರು ಯಾವ ಕಾಯಿಲೆಯಿಂದ ಸತ್ತರು ಎಂದು ಹೇಳಲು ಇಡೀ ದೇಶಕ್ಕೊಂದು ಆರೋಗ್ಯ ನೋಂದಣಿ ಇತ್ತು. ಬಾರ್ಕರ್ ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತಿತರರು ತೊಂಬತ್ತರ ದಶಕದಲ್ಲಿ ಮೈಸೂರಿನ ದಾಖಲೆಗೆ ಕೈಹಾಕಿದಾಗ ಅಂಥ ಯಾವ ಆಸರೆಯೂ ಇರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕೂಸಿಗೆ ಇನ್ನೂ ಹೆಸರೇ ಇರುವುದಿಲ್ಲ. ಹೆತ್ತವರ ಹೆಸರಿನ ಕೆಳಗೆ ಗಂಡೋ ಹೆಣ್ಣೋ ಅಷ್ಟೆ. ನಮ್ಮಲ್ಲಿ ಅಡ್ಡಹೆಸರೂ ಇಲ್ಲ, ಇರುವುದು ಮುಂದೆರಡು ಇನಿಷಿಯಲ್ಲು. ಲಕ್ಷ್ಮಮ್ಮನ ಮಗಳು ಎಂದರೆ ಮೈಸೂರಿನಲ್ಲಿ ಯಾವ ಲಕ್ಷ್ಮಮ್ಮ? ಹುಟ್ಟಿದ ದಿನ ಕೇಳಿದರೆ ಮೇಷ್ಟ್ರ ಜೂನ್ 1, ಇಲ್ಲವೇ ಗೌರಿಹಬ್ಬದ ಮಾರನೇ ದಿನ. ಉಳಿದ ದಾರಿ ಒಂದೇ, ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ಬಾಗಿಲು ತಟ್ಟುವುದು. ಹಾಗೆ ತಟ್ಟಿ, ಇಸವಿಗೆ ಇಸವಿ, ಹೆಸರಿಗೆ ಹೆಸರು ತಾಳೆ ಹಾಕಿ ವರ್ಷಗಳಲ್ಲಿ ಮೂರು ಸಾವಿರಕ್ಕೂ ಮೀರಿ ಜನರನ್ನು ಅವರವರ ಹುಟ್ಟಿನ ದಾಖಲೆಯೊಂದಿಗೆ ಜೋಡಿಸಿದರು. ಈ ಕೆಲಸದ ಮುಂದೆ ಪ್ರಯೋಗಾಲಯದ ಕೆಲಸ ನನಗಂತೂ ಸಲೀಸು ಅನ್ನಿಸುತ್ತದೆ.

1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸುಪಾಸಿನಲ್ಲೇ ನೆಲೆಸಿದ್ದ 517 ಜನರ ತಪಾಸಣೆಯ ವಿವರ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಜನಕ್ಕೆ ಹೃದ್ರೋಗ, 3.1 ಕೆ.ಜಿ. ದಾಟಿ ಹುಟ್ಟಿದವರಲ್ಲಿ ಶೇ 3. ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ತೂಗುತ್ತಿದ್ದು, ಕೂಸೂ ಸಣ್ಣದಿದ್ದರೆ ಶೇ 20. ಕಾಯಿಲೆ ಕಂಡದ್ದು ಒಟ್ಟು 52 ಜನರಲ್ಲಿ ಮಾತ್ರ, ಅದನ್ನು ಮರೆಯಬಾರದು. ಎಲ್ಲ ವಯಸ್ಸಿನವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಹುಟ್ಟುತೂಕದ ನಂಟು ಗಟ್ಟಿಯಾಗಿ ನಿಲ್ಲುವುದಿಲ್ಲ, 45 ದಾಟಿದವರಲ್ಲಿ ನಿಲ್ಲುತ್ತದೆ. ಆದರೂ ಇಂಗ್ಲೆಂಡಿನ ಮಾತನ್ನೇ ಮೈಸೂರೂ ಆಡಿತು ಎನ್ನಬಹುದು.

ಮೈಸೂರು ತನ್ನದೇ ಮಾತಾಡಿದ್ದು ಸಕ್ಕರೆ ಕಾಯಿಲೆಯ ವಿಷಯದಲ್ಲಿ. ಸಣಕಲಾಗಿ ಹುಟ್ಟಿದವರಿಗೇ ಮುಂದೆ ಮಧುಮೇಹ ಹೆಚ್ಚು ಎಂಬುದು ಬ್ರಿಟನ್ನಿನಿಂದ ಬಂದ ಸಿದ್ಧಾಂತ. 1998ರಲ್ಲಿ ಪ್ರಕಟವಾದ ಮೈಸೂರಿನ ಲೆಕ್ಕ ಅದಕ್ಕೆ ಒಗ್ಗಲಿಲ್ಲ. ಇಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಇದ್ದವರಲ್ಲಿ. ಅವರ ತಾಯಂದಿರು ತೂಕದವರು.

ಇಷ್ಟು ಹೇಳಲು ಸಾಧ್ಯವಾದದ್ದು ಆ ದಾಖಲೆಯಲ್ಲಿದ್ದ ಒಂದು ಹೆಚ್ಚಿನ ಅಂಕಣದಿಂದ. ಮಿಷನ್ ಆಸ್ಪತ್ರೆಯವರು ತೂಕದ ಜೊತೆಗೆ ಕೂಸಿನ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿದ್ದರು. ಆರಾರು ಪೌಂಡಿನ ಎರಡು ಕೂಸುಗಳನ್ನು ತೆಗೆದುಕೊಳ್ಳಿ. ಒಂದು ಹದಿನೆಂಟು ಇಂಚು, ಇನ್ನೊಂದು ಇಪ್ಪತ್ತು. ತಕ್ಕಡಿಗೆ ಎರಡೂ ಒಂದೇ, ಟೇಪಿಗೆ ಮಾತ್ರ ಬೇರೆಬೇರೆ. ಈಗಷ್ಟೇ ಹುಟ್ಟಿದ ಕೂಸನ್ನು ಅಳೆಯುವುದನ್ನು ನೋಡಿದ್ದೀರಾ? ಅದು ಮೊಣಕಾಲು ಮಡಚಿಕೊಂಡೇ ಬಂದಿರುತ್ತದೆ. ಒಬ್ಬರು ತಲೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಮೆಲ್ಲಗೆ ಕಾಲು ನೀಡಿಸಬೇಕು, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತದೆ, ಅಷ್ಟರಲ್ಲಿ ಕಿರುಚಾಟ. ಪಕ್ಕದ ಮಂಚದಲ್ಲಿ ಇನ್ನೊಬ್ಬಳಿಗೆ ನೋವು ಶುರುವಾಗಿರುತ್ತದೆ. ‘ಇದ್ಯಾಕೆ, ತೂಕ ಬರೆದಿದ್ದೀವಲ್ಲ’ ಎಂದು ನರ್ಸುಗಳು ಬಿಟ್ಟುಬಿಡಬಹುದಿತ್ತು. ಯಾವ ಸಂಶೋಧಕನೂ ಅವರಿಗೆ ಹೇಳಿರಲಿಲ್ಲ. ಬಿಟ್ಟಿದ್ದರೆ 1998ರಲ್ಲಿ ಆ ಗುಂಡನೆಯ ಗಿಡ್ಡ ಕೂಸು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಅಂಕಣ ಹೊಸ ಪ್ರಶ್ನೆಯನ್ನೂ ಎಬ್ಬಿಸಿತು. ಆ ತಾಯಂದಿರಿಗೆ ಬಸಿರಿನಲ್ಲಿ ಯಾರಿಗೂ ತಿಳಿಯದೆ ಸಕ್ಕರೆ ಏರಿತ್ತೇ? 1934ರ ಕಾಗದ ಅದಕ್ಕೆ ಉತ್ತರ ಕೊಡದು, ಆಗ ಯಾರೂ ಸಕ್ಕರೆ ಪರೀಕ್ಷಿಸಿ ಬರೆದಿಟ್ಟಿಲ್ಲ. ಹಾಗಾಗಿ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನೇ ಪರೀಕ್ಷಿಸಿದರು. ಪಾರ್ಥೆನಾನ್ ಎಂದು ಹೆಸರಾದ ಆ ಅಧ್ಯಯನದಲ್ಲಿ ಶೇ 6.2ರಷ್ಟು ಹೆಂಗಸರಿಗೆ ಗರ್ಭಾವಸ್ಥೆಯ ಮಧುಮೇಹ ಇತ್ತು. ಅಧ್ಯಯನದಲ್ಲಿದ್ದ ಹೆಂಗಸರ ಮಕ್ಕಳನ್ನು ದೊಡ್ಡವರಾಗುವವರೆಗೂ ಬಿಡದೆ ತಪಾಸಣೆಗೆ ಕರೆದರು.

ಹಳೇ ಕಾಗದವನ್ನು ಪೂಜಿಸಬೇಕೆಂದೇನೂ ನಾನು ಹೇಳುತ್ತಿಲ್ಲ. 1934ರಲ್ಲಿ ಬಹುಪಾಲು ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ ಆಗುತ್ತಿತ್ತು. ಆಸ್ಪತ್ರೆಗೆ ಬಂದವರು ಪೇಟೆಯವರು, ಇಲ್ಲವೇ ಹೆರಿಗೆ ಕಷ್ಟವಾದವರು ಇದ್ದಿರಬಹುದು. ಊರು ಬಿಟ್ಟವರು, ಎಳವೆಯಲ್ಲೇ ತೀರಿಕೊಂಡವರು ಲೆಕ್ಕಕ್ಕೆ ಸಿಗಲಿಲ್ಲ. ಸಣ್ಣ ಕೂಸು, ಬಡ ಮನೆ, ಕಮ್ಮಿ ಊಟ ಇವು ಒಂದಕ್ಕೊಂದು ಅಂಟಿಕೊಂಡೇ ಬರುವುದರಿಂದ ಯಾವುದರ ಪಾಲೆಷ್ಟು ಎಂದು ಬಿಡಿಸುವುದು ಈಗಲೂ ತಕರಾರಿನ ವಿಷಯ. ಇನ್ನೊಂದು ಮುಜುಗರವೂ ಇದೆ. ಆ ತಾಯಂದಿರು ಬಂದದ್ದು ಹೆರಲಿಕ್ಕೆ, ತಮ್ಮ ತೂಕ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಲಿ ಎಂದಲ್ಲ. ಹೆಸರು ಮರೆಮಾಚಿ ಅಂಕಿ ಮಾತ್ರ ಬಳಸುವುದು ವಾಡಿಕೆ. ಅದು ಸಾಕೇ ಎಂಬ ಅನುಮಾನ ನನಗಿದೆ. ಆದರೆ ರದ್ದಿಗೆ ಹಾಕಿದರೆ ಅವರ ಮಾನ ಉಳಿಯುತ್ತದೆ ಎಂಬ ವಾದವನ್ನಂತೂ ಒಪ್ಪಲಾರೆ. ಆ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಕೊಡುತ್ತಾರೆ.

ದೊಡ್ಡಮ್ಮನಿಗೆ ಕೊನೆಗೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಅದರಲ್ಲೂ ಜೂನ್ 1. ಸಹಿ ಮಾಡಿ ಹೊರಬಂದು ಹೋಟೆಲಿನಲ್ಲಿ ಕೂತಾಗ ಸಕ್ಕರೆಯಿಲ್ಲದ ಕಾಫಿ ಹೇಳಿದರು. ನಲವತ್ತೆರಡಕ್ಕೇ ಶುರುವಾದ ಸಕ್ಕರೆ ಕಾಯಿಲೆ ಅವರದು. ಹುಟ್ಟಿದಾಗ ಎಷ್ಟು ತೂಕ ಇದ್ದಿರಂತೆ ಎಂದು ಕೇಳಿದೆ. ‘ಅದೆಲ್ಲಾ ಯಾರಿಗೊತ್ತೇ? ಗುಂಡ್ಗುಂಡಗೆ ಒಳ್ಳೇ ಕೊಬ್ಬರಿ ಗಿಟುಕಿನ ಹಾಗಿದ್ದೆ ಅಂತಿದ್ಲು ನಮ್ಮಮ್ಮ’ ಅಂದರು. ಉದ್ದವನ್ನು ಯಾರೂ ಹೇಳಿರಲಿಲ್ಲ.