ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ

ನಾಲ್ಕನ್ನೂ ಒಂದೇ ದಿನ ಹೊಸದಾಗಿ ಹಾಕಿಸಿದ್ದರೂ ಕಾರಿನ ಟೈರುಗಳು ಒಂದೇ ಸಮನೆ ಸವೆಯುವುದಿಲ್ಲ. ಭಾರತದ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದ ಎಳೆಸಿಕೊಳ್ಳುವಂಥವು. ಎಂಜಿನ್, ಗೇರ್‌ಬಾಕ್ಸ್‌ಗಳ ಭಾರ ಮುಂದಿನ ಟೈರುಗಳ ಮೇಲಿರುತ್ತದೆ. ಗಾಡಿಯನ್ನು ಎಳೆಯುವುದೂ ಅವೇ, ತಿರುಗಿಸುವುದೂ ಅವೇ. ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ಸರಿಯುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲೂ ಅವುಗಳದೇ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಪದೇಪದೇ ಓಡಾಡುವ ಕಾರಿನ ಮುಂದಿನ ಟೈರಿನ ಹೊರ ಅಂಚನ್ನು ಕೈಯಿಂದ ಸವರಿದರೆ ಇದು ತಿಳಿಯುತ್ತದೆ. ಹೇರ್‌ಪಿನ್ ತಿರುವುಗಳಲ್ಲಿ ಉಜ್ಜಿ ಉಜ್ಜಿ ಆ ಅಂಚು ಉಳಿದ ಭಾಗಕ್ಕಿಂತ ಮೊದಲೇ ನುಣ್ಣಗಾಗಿರುತ್ತದೆ.

ಈ ಸವೆತವನ್ನು ನಾಲ್ಕಕ್ಕೂ ಹಂಚಲು ಟೈರುಗಳ ಜಾಗ ಬದಲಿಸುವುದೇ ರೊಟೇಶನ್. ಸಾಮಾನ್ಯವಾಗಿ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಇದನ್ನು ಮಾಡಿಸುತ್ತಾರೆ. ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಗಾಡಿಗಳಲ್ಲಿ ತಡ ಮಾಡಲೇಬಾರದು. ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ಬಲ ಹಂಚುವ ಗೇರುಗಳಿಗೇ ಪೆಟ್ಟು.

ಜಾಗ ಬದಲಿಸುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನವೆರಡು ನೇರವಾಗಿ ಹಿಂದಕ್ಕೆ ಹೋಗುತ್ತವೆ. ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ ಬರುತ್ತವೆ. ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಹಿಂಚಕ್ರ ಚಾಲನೆಯ ಗಾಡಿಗಳಲ್ಲಿ ಇದು ತಿರುವುಮುರುವು. ಪಕ್ಕದ ಗೋಡೆಯ ಮೇಲೆ ಬಾಣದ ಗುರುತಿರುವ ಟೈರು ಒಂದೇ ದಿಕ್ಕಿಗೆ ಉರುಳಬೇಕಾದ್ದರಿಂದ ಅದನ್ನು ಅದೇ ಬದಿಯಲ್ಲಿ ಹಿಂದೆಮುಂದೆ ಮಾಡಬಹುದು, ಅಷ್ಟೆ. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಆಗಿದ್ದರೆ ಅದನ್ನೂ ಸರದಿಗೆ ಸೇರಿಸಬಹುದು. ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿಗೆ ಇದು ಸಲ್ಲದು.

ಚಕ್ರ ಬಿಚ್ಚಿದ ಕೂಡಲೇ ಜಾಗ ಬದಲಿಸಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಗಾಡಿಯ ಕಾಯಿಲೆ ಟೈರಿನ ಮೇಲೆಯೇ ಬರೆದಿರುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು. ಒಂದೇ ಅಂಚು ಸವೆದಿದ್ದರೆ, ಅದರಲ್ಲೂ ಒಳ ಅಂಚು, ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಅಲ್ಲಲ್ಲಿ ಕುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ನೋಡಿಸಬೇಕು. ಈ ದೋಷಗಳನ್ನು ಸರಿಪಡಿಸದೆ ಟೈರು ಬದಲಿಸಿದರೆ, ಚೆನ್ನಾಗಿದ್ದ ಹಿಂದಿನ ಜೋಡಿಯೂ ಮುಂದೆ ಬಂದು ಹಾಗೆಯೇ ಹಾಳಾಗುತ್ತದೆ.

ಗ್ರಿಪ್‌ನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಉಬ್ಬಿದ ಸಣ್ಣ ಪಟ್ಟಿಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ರಬ್ಬರು ಸವೆದು ಆ ಮಟ್ಟಕ್ಕೆ ಬಂದ ಟೈರನ್ನು ಬದಲಿಸಲೇಬೇಕು; ಅಂಥದ್ದನ್ನು ಹಿಂದಕ್ಕೆ ಹಾಕಿ ಇನ್ನಷ್ಟು ದಿನ ಓಡಿಸುವುದು ಉಳಿತಾಯವಲ್ಲ. ಮಳೆಯಲ್ಲಿ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತ ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹತೋಟಿಗೆ ತರುವುದು ನುರಿತವರಿಗೂ ಕಷ್ಟ. ಆದ್ದರಿಂದಲೇ ಎರಡೇ ಟೈರು ಕೊಳ್ಳುವವರು ಹೊಸ ಜೋಡಿಯನ್ನು ಹಿಂದೆ ಹಾಕಿಸಬೇಕು, ಎಳೆಯುವ ಚಕ್ರ ಮುಂದಿನದಾದರೂ ಸರಿ. ಕಾಲಕಾಲಕ್ಕೆ ರೊಟೇಶನ್ ಆಗುತ್ತಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುವುದರಿಂದ ಈ ಪ್ರಶ್ನೆಯೇ ಬರುವುದಿಲ್ಲ.

ಕೆಲಸ ಮುಗಿದ ಮೇಲೆ ಗಾಳಿ ನೋಡಬೇಕು. ಅನೇಕ ಕಾರುಗಳಲ್ಲಿ ಮುಂದಿನ, ಹಿಂದಿನ ಟೈರುಗಳಿಗೆ ಬೇರೆ ಬೇರೆ ಒತ್ತಡವಿದ್ದು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅದು ನಮೂದಾಗಿರುತ್ತದೆ. ನಟ್ಟುಗಳನ್ನು ಒಂದಾದ ಮೇಲೊಂದು ಸುತ್ತಲೂ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.