ಮೀನಿಗೆ ಮೊದಲು ನೆಲಸಬೇಕಾದ ಒಕ್ಕಲು

ಗಂಗಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೊಸ ಮನೆಯ ಪಡಸಾಲೆಗೆಂದು ಗಾಜಿನ ತೊಟ್ಟಿಯೊಂದನ್ನು ತಂದು, ಮೂರು ಬಾರಿ ತೊಳೆದು, ನಳದ ತಿಳಿನೀರನ್ನು ತುಂಬಿ, ವಾಸ್ತು ಬಲ್ಲವರು ಹೇಳಿದ ಪ್ರಕಾರ ಎಂಟು ಹೊಂಬಣ್ಣದ ಮೀನುಗಳನ್ನೂ ಒಂದು ಕರಿಯ ಮೀನನ್ನೂ ಅದೇ ಸಂಜೆ ಬಿಟ್ಟರಂತೆ. ಹತ್ತು ದಿನ ತುಂಬುವುದರೊಳಗೆ ಒಂಬತ್ತೂ ಒಂದೊಂದಾಗಿ ಮಗ್ಗುಲಾಗಿ ತೇಲಿದವಂತೆ. ಮನೆಗೆ ತಗಲಬೇಕಾಗಿದ್ದ ಕೆಟ್ಟ ದೃಷ್ಟಿಯನ್ನು ಮೀನುಗಳು ತಮ್ಮ ಮೈಮೇಲೆ ತೆಗೆದುಕೊಂಡವೆಂದು ಹಿರಿಯರು ಸಮಾಧಾನ ಹೇಳಿ, ಇನ್ನೂ ಒಂಬತ್ತನ್ನು ತರಹೇಳಿದ್ದಾರೆ. “ನೀರು ಕನ್ನಡಿಯ ಹಾಗಿತ್ತು, ಆದರೂ ಹೀಗೇಕಾಯಿತು?” ಎಂಬುದು ಅವರ ಪ್ರಶ್ನೆ.

ಉತ್ತರವು ಪ್ರಶ್ನೆಯೊಳಗೇ ಇದೆ. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯವನ್ನು ಹೊರಚೆಲ್ಲುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತು ಅದಕ್ಕೆ ಕೂಡಿಕೊಳ್ಳುತ್ತವೆ. ಅಮೋನಿಯಕ್ಕೆ ಬಣ್ಣವಿಲ್ಲವಾದುದರಿಂದ ವಿಷವು ದಿನದಿನಕ್ಕೆ ಏರುತ್ತಿರುವಾಗಲೂ ನೀರು ಕನ್ನಡಿಯಂತೆಯೇ ಹೊಳೆಯುತ್ತಿರುತ್ತದೆ. ಆನೆಗೊಂದಿಯ ಬಳಿ ಹೆಬ್ಬಂಡೆಗಳ ನಡುವೆ ಹರಿಯುವ ತುಂಗಭದ್ರೆಯಲ್ಲಿ, ಒಂದೊಂದು ಕಲ್ಲಿನ ಮೈಮೇಲಿನ ಲೋಳೆಯಲ್ಲಿಯೂ ಈ ವಿಷವನ್ನೇ ಉಂಡು ಬದುಕುವ ಏಕಾಣುಜೀವಿಗಳು ಒಕ್ಕಲಾಗಿ ನೆಲಸಿವೆ. ಹೊಸದಾಗಿ ತೊಳೆದ ತೊಟ್ಟಿಯಲ್ಲಾದರೋ ಆ ಒಕ್ಕಲೇ ಇಲ್ಲ. ಆ ಮನೆಯ ಮೀನುಗಳನ್ನು ಕೊಂದದ್ದು ಯಾರ ಕಣ್ಣೂ ಅಲ್ಲ, ಕಣ್ಣಿಗೆ ಕಾಣದ ಈ ಜೀವಿಗಳ ಅಭಾವ.

ಇವುಗಳಲ್ಲಿ ಒಂದು ಪಂಗಡವು ಅಮೋನಿಯವನ್ನು ನೈಟ್ರೈಟನ್ನಾಗಿ ಮಾಡುತ್ತದೆ. ಇನ್ನೊಂದು ಪಂಗಡವು ಆ ನೈಟ್ರೈಟನ್ನು ನೈಟ್ರೇಟನ್ನಾಗಿ ಮಾರ್ಪಡಿಸುತ್ತದೆ. ನಡುವಿನ ನೈಟ್ರೈಟೂ ವಿಷವೇ. ಅದು ಮೀನಿನ ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕವನ್ನು ಹೊರಲಾರದಂತೆ ಮಾಡುವುದರಿಂದ, ರಕ್ತವು ಕಂದುಬಣ್ಣಕ್ಕೆ ತಿರುಗಿ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತದೆ. ಕೊನೆಯ ನೈಟ್ರೇಟು ಮಾತ್ರ ಬಹುಮಟ್ಟಿಗೆ ಸೌಮ್ಯವಾದುದು. ಆಗಾಗ ಸ್ವಲ್ಪ ನೀರನ್ನು ಬದಲಿಸಿದರೆ ಅದರಿಂದ ಭಯವಿಲ್ಲ.

ಇಷ್ಟು ಉಪಕಾರಿಗಳಾದ ಜೀವಿಗಳು ತಾವಾಗಿಯೇ ಬಂದು ಬೇಗ ತುಂಬಿಕೊಳ್ಳಬಾರದೇಕೆ? ಇಲ್ಲಿಯೇ ನನ್ನನ್ನು ವರ್ಷಗಳಿಂದ ಬೆರಗುಗೊಳಿಸಿರುವ ಸಂಗತಿಯಿದೆ. ಮಲಿನಜಲದ ಅಮೋನಿಯವು ನೈಟ್ರೇಟಾಗುವುದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿಕೊಟ್ಟರು: ಮರಳಿನ ಮೂಲಕ ಇಳಿಯುತ್ತಿದ್ದ ಕೊಳಚೆನೀರಿಗೆ ಕ್ಲೋರೋಫಾರ್ಮಿನ ಆವಿಯನ್ನು ಸೋಕಿಸಿದೊಡನೆ ಆ ಪರಿವರ್ತನೆ ನಿಂತುಹೋಯಿತು. ಆದರೆ ಆ ಜೀವಿಗಳನ್ನು ಬೇರ್ಪಡಿಸುವುದು, ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಜ್ಯೂರಿಕ್ಕಿನಲ್ಲಿ ಸಾಧಿಸುವವರೆಗೆ, ಯಾರಿಗೂ ಆಗಿರಲಿಲ್ಲ. ಉಳಿದವರೆಲ್ಲ ಅವುಗಳಿಗೆ ಪುಷ್ಟಿಕರವಾದ ಆಹಾರವನ್ನು ಬಡಿಸುತ್ತಿದ್ದರು. ಅವುಗಳಿಗೋ ಅದು ಬೇಡ. ಬೆಳಕಿನ ನೆರವಿಲ್ಲದೆ, ಅಮೋನಿಯವನ್ನು ಉರಿಸಿ ಪಡೆದ ಅಲ್ಪಶಕ್ತಿಯಿಂದಲೇ ಗಾಳಿಯ ಇಂಗಾಲವನ್ನು ಹಿಡಿದು ಅವು ತಮ್ಮ ಶರೀರವನ್ನು ಕಟ್ಟಿಕೊಳ್ಳುತ್ತವೆ. ಇಂತಹ ಕಡುಬಡತನದ ಸಂಸಾರದಲ್ಲಿ ಸಂತಾನವೃದ್ಧಿ ಮಂದವಾಗಿರುವುದು ಸಹಜ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯವೊಂದು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಸಿದರೆ, ಇವು ಇಮ್ಮಡಿಸಲು ಅರ್ಧ ದಿನವೋ ಒಂದು ದಿನವೋ ಬೇಕು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಿಗೆ ಮೊಸರಾಗುತ್ತದೆ. ಈ ನೀರು ಹದಕ್ಕೆ ಬರಲು ವಾರಗಳು ಹಿಡಿಯುತ್ತವೆ.

ಗಂಗಾವತಿಯ ಜನಕ್ಕೆ ಈ ಜೀವಿಗಳು ಅಪರಿಚಿತವೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲ್ಲಿನ ಗದ್ದೆಗಳಲ್ಲಿ, ರೈತನು ಚೆಲ್ಲಿದ ಯೂರಿಯ ಅಮೋನಿಯವಾದೊಡನೆ ಕೆಸರಿನ ಮೇಲ್ಪದರದಲ್ಲಿ ಇವೇ ಜೀವಿಗಳು ಅದನ್ನು ನೈಟ್ರೇಟಾಗಿಸುತ್ತವೆ. ಆ ನೈಟ್ರೇಟು ಗಾಳಿಯಿಲ್ಲದ ಆಳದ ಕೆಸರಿಗೆ ಇಳಿದಾಗ ಬೇರೆ ಜೀವಿಗಳು ಅದನ್ನು ಸಾರಜನಕದ ಅನಿಲವಾಗಿಸಿ ಆಕಾಶಕ್ಕೆ ಬಿಟ್ಟುಬಿಡುತ್ತವೆ. ಕೊಂಡ ಗೊಬ್ಬರದ ಒಂದು ಪಾಲು ಹೀಗೆ ಗಾಳಿಪಾಲಾಗುತ್ತದೆ. ಬೇವಿನೆಣ್ಣೆಯು ಈ ಜೀವಿಗಳ ಕೈಯನ್ನು ಕೆಲಕಾಲ ಕಟ್ಟಿಹಾಕುವುದರಿಂದಲೇ, ದೇಶದಲ್ಲಿ ತಯಾರಾಗುವ ಯೂರಿಯವೆಲ್ಲಕ್ಕೂ ಅದರ ಲೇಪವನ್ನು ಕೇಂದ್ರ ಸರ್ಕಾರವು 2015ರಲ್ಲಿ ಕಡ್ಡಾಯಗೊಳಿಸಿತು. ಗದ್ದೆಯಲ್ಲಿ ನಾವು ಬೇವು ಹಚ್ಚಿ ತಡೆಯುವ ಜೀವಿಯನ್ನೇ ಪಡಸಾಲೆಯ ತೊಟ್ಟಿಗೆ ಆದರದಿಂದ ಬರಮಾಡಿಕೊಳ್ಳಬೇಕಾಗಿದೆ!

ಮೀನಿನ ತೊಟ್ಟಿಯೆಂದರೆ ಕೇವಲ ಅಲಂಕಾರದ ವಸ್ತುವೆಂದು ಎಣಿಸುವವರು ಇನ್ನೊಂದು ಮಾತನ್ನು ಕೇಳಬೇಕು. ಅಮೋನಿಯವನ್ನುಂಡು ಬದುಕುವ ಜೀವಿಗಳೆಲ್ಲ ಬ್ಯಾಕ್ಟೀರಿಯಗಳೆಂದೇ ನಂಬಿದ್ದ ವಿಜ್ಞಾನಿಗಳಿಗೆ, ಆರ್ಕಿಯ ಎಂಬ ಬೇರೆಯೇ ಜೀವಕುಲಕ್ಕೆ ಸೇರಿದ ಅಂತಹ ಜೀವಿಯು ಮೊದಲ ಬಾರಿಗೆ ಶುದ್ಧರೂಪದಲ್ಲಿ ದೊರೆತದ್ದು ಅಮೆರಿಕದ ಸಿಯಾಟಲ್ ನಗರದ ಅಕ್ವೇರಿಯಂ ತೊಟ್ಟಿಯಿಂದ. ಅದು 2005ರಲ್ಲಿ ಪ್ರಕಟವಾಯಿತು. ಕಡಲಲ್ಲಿ ಇದರ ಬಂಧುಗಳು ಅಪಾರ ಸಂಖ್ಯೆಯಲ್ಲಿವೆ. 2015ರಲ್ಲಿ, ಮೇಲೆ ಹೇಳಿದ ಎರಡು ಹಂತಗಳನ್ನೂ ಒಂದೇ ಜೀವಿ ಮಾಡಬಲ್ಲದೆಂದು ತಿಳಿದುಬಂದಾಗಲೂ, ಅಂತಹ ಜೀವಿಗಳು ಕಂಡುಬಂದ ನೆಲೆಗಳಲ್ಲಿ ಒಂದು ಮೀನುಸಾಕಣೆಯ ಫಿಲ್ಟರು.

ಇನ್ನು ಮಾಡತಕ್ಕದ್ದೇನು? ಕ್ಲೋರಿನ್ ಬೆರೆತ ನಳದ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿ ಬಿಟ್ಟು, ಆಮೇಲೆ ತೊಟ್ಟಿಗೆ ತುಂಬಿ, ಜಲ್ಲಿ ಹಾಸಿ, ಫಿಲ್ಟರನ್ನು ಹಗಲಿರುಳೂ ನಡೆಯಗೊಡಿರಿ. ಮೀನಿಲ್ಲದ ಆ ನೀರಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿರಿ. ಅದು ಕೊಳೆತು ಬಿಡುವ ಅಮೋನಿಯವೇ ಒಕ್ಕಲಿನ ಅನ್ನ. ಪರೀಕ್ಷೆಯ ಕಿಟ್ಟಿನಲ್ಲಿ ಮೊದಲು ಅಮೋನಿಯವೂ ಅನಂತರ ನೈಟ್ರೈಟೂ ಏರಿ ಇಳಿದು, ಎರಡೂ ಸೊನ್ನೆಗೆ ನಿಂತ ದಿನವೇ ಮೀನಿನ ಪ್ರವೇಶಕ್ಕೆ ಶುಭಮುಹೂರ್ತ. ಬೇಗ ಆಗಬೇಕೆಂಬವರು ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಒಂದು ಬೊಗಸೆ ಜಲ್ಲಿಯನ್ನು ಹೆಪ್ಪಿನಂತೆ ತರಬಹುದು: ನನ್ನ ಜಗಲಿಯಲ್ಲಿ ಒಂದೇ ದಿನ ತುಂಬಿಸಿದ ಎರಡು ತೊಟ್ಟಿಗಳಲ್ಲಿ, ಹೆಪ್ಪು ಬಿದ್ದದ್ದು ಹನ್ನೊಂದು ದಿನದಲ್ಲಿ ಹದವಾಯಿತು; ಬೀಳದ್ದು ಐದು ವಾರ ತೆಗೆದುಕೊಂಡಿತು. ಕ್ಷಾರಗುಣದ ಕೊಳವೆಬಾವಿಯ ನೀರನ್ನು ಬಳಸುವವರಿಗೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ, ಪಿ.ಎಚ್. ಏಳರಲ್ಲಿ ಒಟ್ಟು ಅಮೋನಿಯದ ನೂರರಲ್ಲಿ ಒಂದು ಪಾಲೂ ಉಗ್ರರೂಪದಲ್ಲಿರುವುದಿಲ್ಲ, ಎಂಟಕ್ಕೇರಿದರೆ ಐದು ಪಾಲನ್ನು ಮೀರುತ್ತದೆ, ಬೇಸಗೆಯ ಕಾವಿನಲ್ಲಿ ಅದಕ್ಕಿಂತಲೂ ಹೆಚ್ಚು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಎಂದೂ ಉಜ್ಜಬೇಡಿರಿ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿರಿ.

ಮೀನು ಸತ್ತಾಗ ಮನೆಗೆ ಬಂದ ಕಂಟಕ ಕಳೆಯಿತೆಂದು ನೆಮ್ಮದಿಪಡುವುದು, ನಮ್ಮ ಕೈಯಿಂದಾದ ತಪ್ಪನ್ನು ಮೂಕಪ್ರಾಣಿಯ ಪುಣ್ಯವೆಂದು ಬಣ್ಣಿಸಿದಂತೆ. ಹಿರಿಯರ ಮಾತಿಗೆ ಗೌರವವಿರಲಿ. ಆದರೆ ಮುಂದಿನ ಒಂಬತ್ತು ಮೀನುಗಳನ್ನು ತರುವ ಮುನ್ನ ಗಂಗಾವತಿಯ ಆ ಮಿತ್ರರು ನಾಲ್ಕಾರು ವಾರ ಕಾಯಲಿ, ಮೊದಲು ಎರಡನ್ನೇ ಬಿಟ್ಟು ನೋಡಲಿ, ನೀರನ್ನು ಕಣ್ಣಿನಿಂದಲ್ಲ, ಕಿಟ್ಟಿನಿಂದ ಪರೀಕ್ಷಿಸಲಿ.