ನಿಮಗಿದು ಗೊತ್ತೇ? ಎಡವಟ್ಟಿನಿಂದ ಹುಟ್ಟಿದ ಜಿಎಸ್‌ಜಿ-9

ಜರ್ಮನಿಯ ಹೆಸರಾಂತ ಕಮಾಂಡೊ ಪಡೆ ಜಿಎಸ್‌ಜಿ-9 ಸೇನೆಗೆ ಸೇರಿದ್ದಲ್ಲ. ಅದು ಕೇಂದ್ರ ಪೊಲೀಸರದು.

ಅದು ಹುಟ್ಟಿದ್ದೇ ಪೊಲೀಸರ ಎಡವಟ್ಟಿನಿಂದ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಉಗ್ರರಿಗೆ ಬಲಿಯಾದರು. ಒತ್ತೆಯಾಳುಗಳನ್ನು ಬಿಡಿಸಿಕೊಳ್ಳಲು ಪೊಲೀಸರು ಹೋದಾಗ 8 ಉಗ್ರರೆದುರು ಇದ್ದ ಸ್ನೈಪರ್‌ಗಳು ಐದೇ ಮಂದಿ. ಅವರ ಕೈಯಲ್ಲಿ ವಾಕಿಟಾಕಿಯೂ ಇರಲಿಲ್ಲ!

ಅದನ್ನೆಲ್ಲ ಕಣ್ಣಾರೆ ಕಂಡ ಅಧಿಕಾರಿ ಉಲ್ರಿಚ್ ವೆಗೆನರ್ ಅವರೇ ಮುಂದೆ ಈ ಪಡೆ ಕಟ್ಟಿದರು. 1973ರ ಏಪ್ರಿಲ್‌ನಲ್ಲಿ ಪಡೆ ಸಜ್ಜಾಯಿತು. ನೆಲೆ, ಬಾನ್ ನಗರದ ಪಕ್ಕದ ಸಾಂಕ್ಟ್ ಆಗಸ್ಟಿನ್.

ನಿಜವಾದ ಪರೀಕ್ಷೆ ಬಂದದ್ದು 1977ರ ಅಕ್ಟೋಬರ್‌ನಲ್ಲಿ. ನಾಲ್ವರು ಅಪಹರಣಕಾರರು ಲುಫ್ತಾನ್ಸಾದ 'ಲಾಂಡ್ಸ್‌ಹುಟ್' ವಿಮಾನವನ್ನು ರೋಮ್, ದುಬೈ, ಏಡನ್ ಎಂದು ಊರೂರು ಸುತ್ತಿಸಿದರು. ಏಡನ್‌ನಲ್ಲಿ ಕ್ಯಾಪ್ಟನ್ ಯೂರ್ಗನ್ ಶೂಮನ್ ಅವರನ್ನು ಕೊಂದರು. ಕೊನೆಗೆ ವಿಮಾನ ಇಳಿದದ್ದು ಸೊಮಾಲಿಯಾದ ಮೊಗದಿಶುವಿನಲ್ಲಿ. ಅಕ್ಟೋಬರ್ 18ರ ನಡುರಾತ್ರಿ ಸೊಮಾಲಿ ಸೈನಿಕರು ವಿಮಾನದ ಮುಂದೆ ಬೆಂಕಿ ಹಾಕಿದರು. ಅದೇನೆಂದು ಅಪಹರಣಕಾರರು ಆ ಕಡೆ ನೋಡುವಷ್ಟರಲ್ಲಿ, ಏಣಿ ಹಾಕಿ ರೆಕ್ಕೆಯ ಮೇಲಿನ ತುರ್ತು ಬಾಗಿಲಿಗೆ ಏರಿದ್ದ ಕಮಾಂಡೊಗಳು ಒಳನುಗ್ಗಿದರು. ಪ್ರಯಾಣಿಕರಿಗೆ ನೆಲಕ್ಕೆ ಬಗ್ಗಲು ಕೂಗಿ ಹೇಳಿದ್ದು ಅಪಹರಣಕಾರರಿಗೆ ಅರ್ಥವಾಗದ ಜರ್ಮನ್ ಭಾಷೆಯಲ್ಲಿ. ಉಪಾಯವೆಂದರೆ ಇದು! ಸುಮಾರು ಏಳು ನಿಮಿಷದಲ್ಲಿ ಎಲ್ಲ ಮುಗಿಯಿತು. ಮೂವರು ಅಪಹರಣಕಾರರು ಸತ್ತರು, ಒಬ್ಬಳು ಗಾಯಗೊಂಡು ಸಿಕ್ಕಿಬಿದ್ದಳು. 86 ಪ್ರಯಾಣಿಕರೂ ಬದುಕಿದರು. ವೆಗೆನರ್ ದೂರದಲ್ಲಿ ಕೂತು ಆದೇಶ ಕೊಟ್ಟವರಲ್ಲ, ತಾವೇ ದಾಳಿಯಲ್ಲಿದ್ದರು.

ಜತೆಗೆ ಇಬ್ಬರು ಬ್ರಿಟಿಷ್ ಎಸ್‌ಎಎಸ್ ಯೋಧರೂ ಇದ್ದರು. ಕಣ್ಣು ಕೋರೈಸಿ ಕಿವಿ ಗಡಚಿಕ್ಕುವ ಸ್ಟನ್ ಗ್ರೆನೇಡ್ ತಂದುಕೊಟ್ಟವರು ಅವರೇ.

ಎಲ್ಲ ಸಲವೂ ಹೀಗೇ ಆಯಿತೆಂದಲ್ಲ. 1993ರಲ್ಲಿ ಬಾಡ್ ಕ್ಲೈನೆನ್ ರೈಲು ನಿಲ್ದಾಣದ ಕಾರ್ಯಾಚರಣೆಯಲ್ಲಿ ಪಡೆಯವರೊಬ್ಬರೂ ಒಬ್ಬ ಉಗ್ರನೂ ಸತ್ತರು. ವಿವಾದ ಎಷ್ಟು ಬಿಸಿಯೇರಿತೆಂದರೆ, ಗೃಹ ಸಚಿವ ರುಡಾಲ್ಫ್ ಜೈಟರ್ಸ್ ರಾಜೀನಾಮೆ ಕೊಟ್ಟರು.

ಜಿಎಸ್‌ಜಿ-9 ಮೊದಲು ಸೇರಿದ್ದು ಗಡಿ ಕಾವಲು ಪಡೆಗೆ. 2005ರಲ್ಲಿ ಅದರ ಹೆಸರು ಕೇಂದ್ರ ಪೊಲೀಸ್ ಎಂದಾಯಿತು. 'ಗಡಿ ಕಾವಲು ಗುಂಪು 9' ಎಂಬ ಹಳೇ ಹೆಸರನ್ನು ಮಾತ್ರ ಈ ಪಡೆ ಬಿಟ್ಟುಕೊಡಲಿಲ್ಲ.

ನಮ್ಮ ಕಮಾಂಡೊ ಪಡೆ ಎನ್‌ಎಸ್‌ಜಿಯನ್ನು 1984ರಲ್ಲಿ ಕಟ್ಟುವಾಗ ಮಾದರಿಯಾದವುಗಳಲ್ಲಿ ಇದೂ ಒಂದು. 2008ರಲ್ಲಿ ಮುಂಬೈನ ತಾಜ್ ಹೋಟೆಲ್‌ನಲ್ಲಿ ಹುತಾತ್ಮರಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಎನ್‌ಎಸ್‌ಜಿಯವರು.

ಅಂದಹಾಗೆ, ಲಾಂಡ್ಸ್‌ಹುಟ್ ವಿಮಾನ ಕೈಯಿಂದ ಕೈಗೆ ದಾಟಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ತುಕ್ಕು ಹಿಡಿಯುತ್ತಿತ್ತು. 2017ರಲ್ಲಿ ಜರ್ಮನಿ ಅದನ್ನು ಬಿಚ್ಚಿಸಿ ತವರಿಗೆ ತರಿಸಿಕೊಂಡಿತು.